ಕಡಿಮೆ ಕಸ, ಕಡಿಮೆ ಖರ್ಚು: ಹಾಸನ, ಚಿಕ್ಕಮಗಳೂರಿನ ಆಸ್ಪತ್ರೆಗಳಿಗೆ ಖರೀದಿ ಮಾರ್ಗದರ್ಶಿ

ಮೂವತ್ತರಿಂದ ನೂರು ಹಾಸಿಗೆ, ಒಬ್ಬ ಸ್ಟೋರ್ ಕೀಪರ್, ಕೊಟೇಶನ್ ನೋಡುವ ಒಬ್ಬ ಮ್ಯಾನೇಜರ್, ಕೊನೆಗೆ ಸಹಿ ಹಾಕುವ ಡಾಕ್ಟರ್. ಹಾಸನ, ಸಕಲೇಶಪುರ, ಚಿಕ್ಕಮಗಳೂರು, ಕಡೂರು, ಕೊಪ್ಪದ ಕಡೆಯ ಬಹುಪಾಲು ಆಸ್ಪತ್ರೆಗಳಲ್ಲಿ ಖರೀದಿ ನಡೆಯುವುದು ಹೀಗೆಯೇ. ಈ ಬರಹ ಅವರಿಗಾಗಿ. ದೊಡ್ಡ ಕಾರ್ಪೊರೇಟ್ ಆಸ್ಪತ್ರೆಗಳಲ್ಲಿ ಇದಕ್ಕೇ ಒಂದು ವಿಭಾಗ ಇರುತ್ತದೆ, ಅವರ ಮಾತು ಬೇರೆ.

ಜಗತ್ತಿನ ಒಟ್ಟು ಹಸಿರುಮನೆ ಅನಿಲದಲ್ಲಿ ಆರೋಗ್ಯ ಕ್ಷೇತ್ರದ ಪಾಲು ಸುಮಾರು ಶೇ 4.4 ಎಂದು ಹೆಲ್ತ್ ಕೇರ್ ವಿದೌಟ್ ಹಾರ್ಮ್ ಸಂಸ್ಥೆ 2019ರಲ್ಲಿ ಲೆಕ್ಕ ಹಾಕಿತು. ಅದರಲ್ಲಿ ಶೇ 71ರಷ್ಟು ಬರುವುದು ಪೂರೈಕೆ ಸರಪಳಿಯಿಂದ, ಅಂದರೆ ಕೊಂಡು ತರುವ ಔಷಧ, ಉಪಕರಣ, ಸಾಮಾನುಗಳ ತಯಾರಿಕೆ, ಸಾಗಣೆ, ವಿಲೇವಾರಿಯಿಂದ. ಆಸ್ಪತ್ರೆಯ ಅಂಗಳದಲ್ಲಿ ಗಿಡ ನೆಡುವುದು ಒಳ್ಳೆಯದೇ, ಆದರೆ ಕೆಲಸ ಇರುವುದು ಇಂಡೆಂಟ್ ಪುಸ್ತಕದಲ್ಲಿ, ಅಂದರೆ ಏನು, ಎಷ್ಟು ಬೇಕು ಎಂದು ಬರೆದುಕೊಡುವ ಬೇಡಿಕೆ ಪಟ್ಟಿಯಲ್ಲಿ. ‘ಪರಿಸರಸ್ನೇಹಿ’ ಎಂದು ಲೇಬಲ್ ಅಂಟಿಸಿದ ದುಬಾರಿ ಮಾಲು ಹುಡುಕುವ ಅಗತ್ಯವೂ ಇಲ್ಲ. ಬೇಕಾದಷ್ಟೇ ತರಿಸುವುದು, ತರಿಸುವ ಮೊದಲೇ ಸ್ಪೆಸಿಫಿಕೇಶನ್ ಸರಿಯಾಗಿ ಬರೆಯುವುದು, ಬೆಲೆಯನ್ನು ಪೀಸಿಗೆ ಎಷ್ಟು ಎನ್ನುವ ಬದಲು ಒಂದು ಸಲದ ಬಳಕೆಗೆ ಎಷ್ಟು ಎಂದು ನೋಡುವುದು: ಮುಕ್ಕಾಲು ಪಾಲು ಕೆಲಸ ಈ ಮೂರರಲ್ಲೇ ಮುಗಿಯುತ್ತದೆ.

ಮೊದಲು ಪಟ್ಟಿ, ಆಮೇಲೆ ಬುಟ್ಟಿ

ಕಳೆದ 12 ತಿಂಗಳ ಖರೀದಿಯನ್ನು ಐಟಂವಾರು ಬರೆದು, ಖರ್ಚು ಹೆಚ್ಚಿದ್ದದ್ದು ಮೇಲೆ ಬರುವಂತೆ ಜೋಡಿಸಿ. ಕೈಗವಸು, ಐವಿ ಸೆಟ್, ಆ್ಯಂಟಿಬಯೋಟಿಕ್, ಲ್ಯಾಬ್ ಕಿಟ್, ಡೀಸೆಲ್, ಹೀಗೆ ಹದಿನೈದಿಪ್ಪತ್ತು ಐಟಂಗಳೇ ಬಜೆಟ್ಟಿನ ದೊಡ್ಡ ಪಾಲು ನುಂಗುವುದು ಕಾಣುತ್ತದೆ. ಮೊದಲ ವರ್ಷ ಕೈಹಾಕಬೇಕಾದದ್ದು ಇವಕ್ಕೆ ಮಾತ್ರ. ಪ್ಲಾಸ್ಟಿಕ್ ಪೆನ್ನು ನಿಲ್ಲಿಸುವ ಸುತ್ತೋಲೆಗೆ ಮೀಟಿಂಗ್ ಮಾಡಿ, ತಿಂಗಳಿಗೆ ಸಾವಿರಾರು ಗ್ಲೌಸ್ ಸುಮ್ಮನೆ ಹೋಗುವುದನ್ನು ನೋಡದೆ ಬಿಡುವ ಆಸ್ಪತ್ರೆಗಳು ಕಡಿಮೆಯೇನಿಲ್ಲ.

ಮುಂದೆ 7 ದಿನ ವಾರ್ಡುವಾರು ವೈದ್ಯಕೀಯ ಕಸದ ಹಳದಿ (ಸುಡುವ ಕಸ) ಮತ್ತು ಕೆಂಪು (ಪ್ಲಾಸ್ಟಿಕ್, ರಬ್ಬರ್) ಚೀಲಗಳನ್ನು ತೂಗಿ ಬರೆಯಿಸಿ. ಚೀಲ ಬಿಚ್ಚಿ ನೋಡಬಾರದು, ಅದು ಅಪಾಯ. ಒಳಗೇನಿದೆ ಎಂದು ತಿಳಿಯಲು ಓಟಿಯಲ್ಲಿ (ಆಪರೇಶನ್ ಥಿಯೇಟರ್) ಮತ್ತು ಲೇಬರ್ ವಾರ್ಡಿನಲ್ಲಿ ಒಂದೊಂದು ಕ್ರೇಟ್ ಇಡಿ. ಪ್ಯಾಕ್ ಒಡೆದೂ ಬಳಸದೆ ಉಳಿದ ಹೊಲಿಗೆ ದಾರ, ಗಾಜ್, ಕ್ಯಾತಿಟರ್, ಡ್ರೇಪ್ (ಆಪರೇಶನ್ ವೇಳೆ ರೋಗಿಗೆ ಹೊದಿಸುವ ಬಟ್ಟೆ) ಎಲ್ಲ ಅದಕ್ಕೆ ಬೀಳಲಿ. ರಕ್ತ, ದ್ರವ ತಾಗಿದ್ದನ್ನು ಅದರಲ್ಲಿ ಹಾಕಕೂಡದು. ವಾರದ ಕೊನೆಗೆ ಓಟಿ ಸಿಸ್ಟರ್ ಜೊತೆ ಕೂತು ಎಣಿಸಿ. ಸಾಮಾನ್ಯವಾಗಿ ಸಿಗುವ ಕಾರಣ ಒಂದೇ: ಯಾವುದಕ್ಕೂ ಇರಲಿ ಎಂದು ಎಲ್ಲವನ್ನೂ ಮೊದಲೇ ಬಿಚ್ಚಿಡುವ ರೂಢಿ. ಆಪರೇಶನ್‌ವಾರು ಎರಡು ಕಾಲಂ ಇರುವ ಒಂದು ಚೀಟಿ ಗೋಡೆಗೆ ಅಂಟಿಸಿ, ಒಂದರಲ್ಲಿ ‘ಬಿಚ್ಚಿಡಿ’, ಇನ್ನೊಂದರಲ್ಲಿ ‘ಹತ್ತಿರ ಇರಲಿ, ಬಿಚ್ಚಬೇಡಿ’. ಇದಕ್ಕೆ ಖರ್ಚು ಎ4 ಹಾಳೆ ಒಂದು.

ಮೂರನೆಯದು ಎಕ್ಸ್‌ಪೈರಿ ಕಪಾಟು. ಅವಧಿ ಮೀರಿದ ಔಷಧ ಎಂದರೆ ತಯಾರಿಸಿದ್ದು, ಸಾಗಿಸಿದ್ದು, ಸುಡುವುದು ಮೂರೂ ದಂಡ. ಕಳೆದ ವರ್ಷ ಯಾವುದು ಎಷ್ಟು ಹೋಯಿತು, ಯಾರ ಇಂಡೆಂಟಿನಿಂದ ಬಂತು ಎಂದು ಬರೆಯಿರಿ. ಬೈಯಲಿಕ್ಕಲ್ಲ. ಒಬ್ಬ ಕನ್ಸಲ್ಟೆಂಟ್ ಬಿಟ್ಟು ಹೋದಮೇಲೂ ಅವರ ಬ್ರ್ಯಾಂಡ್ ಬರುತ್ತಲೇ ಇದ್ದದ್ದು ಇಂಥ ಪಟ್ಟಿಯಲ್ಲೇ ಸಿಕ್ಕಿಬೀಳುವುದು.

ಎಷ್ಟು ತರಿಸಬೇಕು: ಮಳೆಗಾಲದ ಲೆಕ್ಕ ಬೇರೆ

ಮರು ಆರ್ಡರ್ ಮಟ್ಟದ ಸೂತ್ರ ಸರಳ. ದಿನದ ಬಳಕೆಯನ್ನು, ಮಾಲು ಬರಲು ಹಿಡಿಯುವ ದಿನ ಮತ್ತು ಮುನ್ನೆಚ್ಚರಿಕೆ ದಿನಗಳ ಮೊತ್ತದಿಂದ ಗುಣಿಸಿ. ದಿನಕ್ಕೆ 6 ಬಾಕ್ಸ್ ಗ್ಲೌಸ್, ಮಾಲು ಬರಲು 5 ದಿನ, ಮುನ್ನೆಚ್ಚರಿಕೆಗೆ 7 ದಿನ ಎಂದರೆ 72 ಬಾಕ್ಸ್. ಸ್ಟಾಕ್ ಅಷ್ಟಕ್ಕೆ ಇಳಿದಾಗ ಆರ್ಡರ್ ಹೋಗಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಗುಡ್ಡ ಜರುಗಿದರೆ ಮಂಗಳೂರು ಕಡೆಯ ಮಾಲು ಸುತ್ತು ಹಾಕಿ ಬರುತ್ತದೆ. ಮಲೆನಾಡಿನ ತಾಲ್ಲೂಕುಗಳು ಆಗ ಬರುವ ದಿನವನ್ನು 10, ಮುನ್ನೆಚ್ಚರಿಕೆಯನ್ನು 10 ಎಂದಿಟ್ಟುಕೊಂಡರೆ ಅದೇ ಗ್ಲೌಸ್‌ಗೆ 120 ಬಾಕ್ಸ್.

ಹಾಗೆಂದು ಮೇ ತಿಂಗಳಲ್ಲೇ ಎಲ್ಲವನ್ನೂ ತುಂಬಿಸಿಟ್ಟರೆ ಇನ್ನೊಂದು ತಾಪತ್ರಯ. ಮೂಡಿಗೆರೆ, ಶೃಂಗೇರಿ, ಕಳಸದ ಜುಲೈ ತೇವ ಸ್ಟೋರಿನೊಳಗೂ ನುಗ್ಗುತ್ತದೆ. ಮೂಳೆ ಮುರಿದವರಿಗೆ ಕಟ್ಟುವ ಪ್ಲಾಸ್ಟರ್ ಬ್ಯಾಂಡೇಜ್ ಹಾಳಾಗುವ ರೀತಿ ನೋಡಿ: ಪೊಟ್ಟಣದಲ್ಲಿ ಸಣ್ಣ ತೂತು ಇದ್ದರೂ ಸಾಕು, ಪುಡಿ ತೇವ ಹೀರಿ ರೋಲ್ ಅಂಚಿನಿಂದ ಗಟ್ಟಿಯಾಗುತ್ತ ಬರುತ್ತದೆ. ಹೊರಗಿನಿಂದ ಏನೂ ಗೊತ್ತಾಗದು. ನೀರಿಗೆ ಹಾಕಿದಾಗ ಗಂಟುಗಂಟಾಗಿ ಬಿಡಿಸಿಕೊಳ್ಳುತ್ತದೆ, ಸರಿಯಾಗಿ ಸೆಟ್ ಆಗದು. ಒಂದು ಕೈಗೆ ಕಟ್ಟಲು ಎರಡರಷ್ಟು ರೋಲ್ ಹೋಗುತ್ತದೆ. ಗ್ಲೂಕೋಮೀಟರ್ ಸ್ಟ್ರಿಪ್, ಓಆರ್‌ಎಸ್, ರೋಟಾಕ್ಯಾಪ್ (ಉಬ್ಬಸಕ್ಕೆ ಎಳೆದುಕೊಳ್ಳುವ ಪುಡಿಯ ಕ್ಯಾಪ್ಸೂಲ್), ಕಾಗದದ ಮುಖವಿರುವ ಸ್ಟೆರೈಲ್ (ಕ್ರಿಮಿರಹಿತ) ಪೌಚು ಇವೂ ಹಾಗೆಯೇ. ಪೌಚಿನ ಮೇಲೆ ನೀರಿನ ಕಲೆ ಕಂಡರೆ ಅದು ಸ್ಟೆರೈಲ್ ಅಲ್ಲ, ಮರುಮಾತಿಲ್ಲ.

ಹಾಗಾಗಿ ತೇವಕ್ಕೆ ಕೆಡುವ ಮಾಲು ಮಳೆಗಾಲದಲ್ಲಿ 30 ದಿನಕ್ಕಿಂತ ಹೆಚ್ಚು ಬೇಡ. ಕೆಡದ ಮಾಲು 45ರಿಂದ 60 ದಿನ ಇರಲಿ. ಸ್ಟೋರಿನಲ್ಲಿ ನೆಲದಿಂದ 10 ಸೆಂಟಿಮೀಟರ್ ಎತ್ತರದ ಪ್ಯಾಲೆಟ್ ಹಾಕಿ, ಗೋಡೆಯಿಂದ 30 ಸೆಂಟಿಮೀಟರ್ ಬಿಡಿ, ಪೆಟ್ಟಿಗೆ ಪೇರಿಸುವುದು 2.5 ಮೀಟರ್ ಮೀರದಿರಲಿ. ತೇವಾಂಶ ಅಳೆಯುವ ಒಂದು ಹೈಗ್ರೋಮೀಟರ್ ನೇತುಹಾಕಿ, ಅದು ಶೇ 60 ದಾಟಿದ ದಿನಗಳನ್ನು ಸ್ಟೋರ್ ಕೀಪರ್ ಬರೆದಿಡಲಿ. ಡಿಹ್ಯುಮಿಡಿಫೈಯರ್ ಬೇಕೋ ಬೇಡವೋ ಎಂಬ ವಾದಕ್ಕೆ ಆ ಪುಟವೇ ಉತ್ತರ.

ಕ್ರಿಮಿನಾಶಕ ಸೋಡಿಯಂ ಹೈಪೋಕ್ಲೋರೈಟನ್ನು (ಹೈಪೋ) ದೊಡ್ಡ ಕ್ಯಾನಿನಲ್ಲಿ ಅಗ್ಗ ಎಂದು ತರುತ್ತಾರೆ. ಬಿಸಿಲು, ಸೆಖೆಗೆ ಅದರ ಕ್ಲೋರಿನ್ ದಿನೇ ದಿನೇ ಇಳಿಯುತ್ತದೆ. ಮೂರು ತಿಂಗಳ ಹಳೆಯ ಕ್ಯಾನಿನಿಂದ ‘ಶೇ 1’ ದ್ರಾವಣ ಮಾಡಿದೆವು ಅಂದುಕೊಂಡರೆ ಅದು ಶೇ 1 ಇರುವುದಿಲ್ಲ. ತಯಾರಾಗಿ ಒಂದು ತಿಂಗಳೊಳಗಿನ, 5 ಲೀಟರಿನ, ಬೆಳಕು ತೂರದ ಕ್ಯಾನ್ ಕೇಳಿ. ಶೇ 5ರದ್ದಾದರೆ 1 ಲೀಟರಿಗೆ 4 ಲೀಟರ್ ನೀರು, ಶೇ 10ರದ್ದಾದರೆ 9 ಲೀಟರ್. ದ್ರಾವಣ ಪ್ರತಿದಿನ ಹೊಸದಾಗಿ ಮಾಡಬೇಕು.

ಸ್ಪೆಸಿಫಿಕೇಶನ್: ಇಲ್ಲಿ ಬಿಟ್ಟದ್ದು ಮತ್ತೆಲ್ಲೂ ಸಿಗದು

ಕೊಟೇಶನ್ ಬಂದಮೇಲೆ ‘ನಿಮ್ಮದು ಪರಿಸರಸ್ನೇಹಿಯೋ?’ ಎಂದು ಕೇಳಿ ಪ್ರಯೋಜನವಿಲ್ಲ. ಎಲ್ಲರೂ ಹೌದು ಅನ್ನುತ್ತಾರೆ. ಅಳೆಯಲು, ನೋಡಲು, ತಿರಸ್ಕರಿಸಲು ಬರುವಂತೆ ಬರೆಯಬೇಕು.

ಕಸದ ಚೀಲ: ಕ್ಲೋರಿನ್ ರಹಿತ ಪ್ಲಾಸ್ಟಿಕ್, ಜೈವಿಕ ಅಪಾಯದ ಚಿಹ್ನೆ, ಬಾರ್‌ಕೋಡ್‌ಗೆ ಜಾಗ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಮತ್ತು ಅದರ 2018ರ ತಿದ್ದುಪಡಿಯ ಪ್ರಕಾರ ಕ್ಲೋರಿನ್ ಇರುವ ಪ್ಲಾಸ್ಟಿಕ್ ಚೀಲ, ಕೈಗವಸುಗಳನ್ನು 2019ರ ಮಾರ್ಚ್ 27ರೊಳಗೆ ನಿಲ್ಲಿಸಬೇಕಿತ್ತು. ರಕ್ತದ ಚೀಲಕ್ಕೆ ಮಾತ್ರ ವಿನಾಯಿತಿ. ಕಾರಣ ಸ್ಪಷ್ಟ: ಪಿವಿಸಿ, ಅಂದರೆ ಕ್ಲೋರಿನ್ ಇರುವ ಪ್ಲಾಸ್ಟಿಕ್, ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಹೊರಡುತ್ತದೆ. ಆದರೂ ಅಗ್ಗದ ವಿನೈಲ್ ಗ್ಲೌಸ್ ಮಾರುಕಟ್ಟೆಯಲ್ಲಿ ಓಡಾಡುತ್ತಲೇ ಇದೆ, ವಿನೈಲ್ ಅಂದರೆ ಪಿವಿಸಿಯೇ. ಅನುಮಾನ ಬಂದರೆ ಸ್ಟೋರಿನ ಹೊರಗೆ, ಗಾಳಿಯಾಡುವ ಜಾಗದಲ್ಲಿ ಒಂದು ಪರೀಕ್ಷೆ ಮಾಡಬಹುದು. ತಾಮ್ರದ ತಂತಿಯನ್ನು ಇಕ್ಕಳದಲ್ಲಿ ಹಿಡಿದು, ಜ್ವಾಲೆಯ ಹಸಿರು ಬಣ್ಣ ಹೋಗುವವರೆಗೆ ಕಾಯಿಸಿ, ಚೀಲದ ಚೂರಿಗೆ ಒತ್ತಿ, ಕರಗಿ ಅಂಟಿದ್ದನ್ನು ಮತ್ತೆ ಜ್ವಾಲೆಗೆ ಹಿಡಿಯಿರಿ. ಹಸಿರು ಜ್ವಾಲೆ ಕಂಡರೆ ಕ್ಲೋರಿನ್‌ನಂಥದ್ದು ಇದೆ ಎಂದರ್ಥ. ಸಾಸಿವೆ ಕಾಳಿನಷ್ಟು ಚೂರು ಸಾಕು, ಹೊಗೆ ಎಳೆದುಕೊಳ್ಳಬೇಡಿ. ಇದು ಲ್ಯಾಬ್ ವರದಿಗೆ ಸಮವಲ್ಲ, ಆದರೆ ಡೀಲರ್ ಜೊತೆ ಮಾತಾಡಲು ಧೈರ್ಯ ಕೊಡುತ್ತದೆ.

ಗ್ಲೌಸ್: ಪೌಡರ್ ಇಲ್ಲದ್ದು, ಸೈಜ್‌ವಾರು ಹಂಚಿಕೆ ಬರೆದೇ ಕೇಳಿ. ಎಲ್ಲವೂ ಮೀಡಿಯಂ ಬಂದರೆ ದೊಡ್ಡ ಕೈಯವರು ಹಾಕುವಾಗಲೇ ಹರಿಯುತ್ತದೆ. ತೆಳುವಾದ ಅಗ್ಗದ ಸರಕಿನಲ್ಲಿ ಸಿಸ್ಟರ್‌ಗಳು ಎರಡೆರಡು ಹಾಕಿಕೊಳ್ಳಲು ಶುರುಮಾಡುತ್ತಾರೆ. ಬಾಕ್ಸ್ ದರ ಇಳಿದರೂ ರೋಗಿಯೊಬ್ಬರ ಲೆಕ್ಕದ ದರ ಏರುತ್ತದೆ. ಇನ್ನೂ ದೊಡ್ಡ ಉಳಿತಾಯ ಬೇಡದ ಕಡೆ ಹಾಕದಿರುವುದರಲ್ಲಿದೆ. ಬಿಪಿ ನೋಡಲು, ಮಾತ್ರೆ ಕೊಡಲು, ಫೈಲ್ ಹಿಡಿಯಲು ಗ್ಲೌಸ್ ಬೇಡ, ಕೈ ತೊಳೆದರೆ ಸಾಕು. ಗ್ಲೌಸ್ ಹಾಕಿದ ಕೈ ಸುರಕ್ಷಿತ ಎಂಬ ಭ್ರಮೆಯಲ್ಲಿ ಕೈ ತೊಳೆಯುವುದು ತಪ್ಪುತ್ತದೆ, ಸೋಂಕು ಹಬ್ಬುವುದು ಅಲ್ಲೇ.

ಥರ್ಮಾಮೀಟರ್, ಬಿಪಿ ಉಪಕರಣ: ಪಾದರಸ ಬೇಡ. ಹಳೆಯ ಬಿಪಿ ಉಪಕರಣವೊಂದರಲ್ಲಿ 80ರಿಂದ 100 ಗ್ರಾಂ ಪಾದರಸ ಇರುತ್ತದೆ. ಪಾದರಸದ ಬಳಕೆ ತಗ್ಗಿಸುವ ಅಂತಾರಾಷ್ಟ್ರೀಯ ಮಿನಮಾಟಾ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿದೆ. ಡಿಜಿಟಲ್ ಥರ್ಮಾಮೀಟರ್ ಕೊಳ್ಳುವಾಗ ‘ಬ್ಯಾಟರಿ ಬದಲಿಸಲು ಬರಬೇಕು’ ಎಂದು ಸೇರಿಸಿ. ಇಲ್ಲದಿದ್ದರೆ ಬ್ಯಾಟರಿ ಮುಗಿದ ದಿನವೇ ಉಪಕರಣವೂ ಇ-ತ್ಯಾಜ್ಯ. ಮುಳ್ಳಿನ ಬಿಪಿ ಉಪಕರಣ ಕೊಂಡರೆ ಕ್ಯಾಲಿಬ್ರೇಶನ್ (ಅಳತೆ ಸರಿಪಡಿಸುವುದು) ಯಾರು, ಎಷ್ಟು ತಿಂಗಳಿಗೊಮ್ಮೆ ಮಾಡಿಕೊಡುತ್ತಾರೆ ಎಂದು ಅದೇ ಆರ್ಡರಿನಲ್ಲಿ ಬರೆಯಿರಿ. ತೆಗೆದ ಪಾದರಸದ ಉಪಕರಣಗಳನ್ನು ಹಳದಿ ಚೀಲಕ್ಕೆ ಹಾಕಲೇಬಾರದು, ಸುಟ್ಟರೆ ಆವಿಯಾಗಿ ಊರಿಗೇ ಬರುತ್ತದೆ. ಬಿಗಿಮುಚ್ಚಳದ ಡಬ್ಬಿಯಲ್ಲಿ ಪ್ರತ್ಯೇಕವಾಗಿಟ್ಟು, ಅಪಾಯಕಾರಿ ತ್ಯಾಜ್ಯಕ್ಕೆ ಪರವಾನಗಿ ಇರುವವರಿಗೇ ಕೊಡಿ.

ಔಷಧ: ಡೆಲಿವರಿ ದಿನ ಒಟ್ಟು ಆಯುಷ್ಯದ ಮೂರನೇ ಎರಡು ಭಾಗ ಉಳಿದಿರಬೇಕು. ಎಕ್ಸ್‌ಪೈರಿಗೆ 3 ತಿಂಗಳ ಮೊದಲು ತಿಳಿಸಿದರೆ ಡೀಲರ್ ವಾಪಸ್ ಪಡೆದು ಬದಲಿ ಕೊಡಬೇಕು. ವರ್ಷದ ದರ ಒಂದೇ, ಡೆಲಿವರಿ ಮಾತ್ರ ತಿಂಗಳಿಗೊಮ್ಮೆ. ಈ ಮೂರು ಸಾಲಿಗೆ ಒಪ್ಪದ ಡೀಲರ್ ಕೊಡುವ ಶೇ 2ರ ಹೆಚ್ಚುವರಿ ರಿಯಾಯಿತಿ ಬೇಡ. ಇನ್ಸುಲಿನ್ ಬರುವ ಥರ್ಮೋಕೋಲ್ ಪೆಟ್ಟಿಗೆ, ಐಸ್ ಪ್ಯಾಕ್‌ಗಳನ್ನು ಮುಂದಿನ ಟ್ರಿಪ್ಪಿನಲ್ಲಿ ವಾಪಸ್ ಒಯ್ಯಬೇಕು ಎಂದೂ ಸೇರಿಸಿ. ಒಯ್ಯಲು ಅವರಿಗೆ ಕಷ್ಟವೇನಿಲ್ಲ, ಯಾರೂ ಕೇಳಿರುವುದಿಲ್ಲ ಅಷ್ಟೆ.

ಒಗೆದು ಬಳಸುವುದೋ, ಎಸೆಯುವುದೋ

ಸಿರಿಂಜ್, ಸೂಜಿ, ಒಂದೇ ಬಳಕೆಯ ಕ್ಯಾತಿಟರ್ ಇವುಗಳಲ್ಲಿ ಚರ್ಚೆಯೇ ಇಲ್ಲ, ಎಸೆಯಬೇಕು. ಓಟಿ ಗೌನು, ಡ್ರೇಪ್, ಕಿಡ್ನಿ ಟ್ರೇ, ಸ್ಪೆಕ್ಯುಲಂ, ಊಟದ ತಟ್ಟೆಗಳಲ್ಲಿ ಲೆಕ್ಕ ಹಾಕಬೇಕು. ಮಾದರಿಗಾಗಿ ಕೆಲವು ಅಂಕಿ, ನಿಮ್ಮವನ್ನು ಹಾಕಿಕೊಳ್ಳಿ: ಬಟ್ಟೆಯ ಗೌನು 700 ರೂಪಾಯಿ, 70 ಒಗೆತ ಬಾಳಿದರೆ ಸಲಕ್ಕೆ 10. ಒಗೆತ, ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವುದು) ಸೇರಿ 30. ಒಟ್ಟು 40. ಎಸೆಯುವ ಗೌನು 110. ಆದರೆ 20 ಒಗೆತಕ್ಕೇ ಹರಿದರೆ ಬಟ್ಟೆಯದ್ದು 65 ಆಗುತ್ತದೆ. ಆದ್ದರಿಂದ ಪ್ರತಿ ಗೌನಿನ ಅಂಚಿಗೆ ನಂಬರ್ ಹಾಕಿ, ಒಗೆದಾಗಲೊಮ್ಮೆ ಪುಸ್ತಕದಲ್ಲಿ ಗೀಟು ಎಳೆಯಿರಿ. ಮಾಮೂಲಿ ಹತ್ತಿಯ ಗೌನು ನೆಂದರೆ ರಕ್ತವನ್ನು ತಡೆಯುವುದಿಲ್ಲ. ಒತ್ತಾಗಿ ನೇಯ್ದ, ದ್ರವ ತಡೆಯುವ ಪಾಲಿಯೆಸ್ಟರ್ ಬಟ್ಟೆ ಕೇಳಿ.

ವಿಲೇವಾರಿ ಖರ್ಚನ್ನು ಈ ಲೆಕ್ಕಕ್ಕೆ ಸೇರಿಸುವ ಮುನ್ನ ನಿಮ್ಮ ತ್ಯಾಜ್ಯ ಸಂಸ್ಕರಣಾ ಘಟಕದ ಒಪ್ಪಂದ ನೋಡಿ. ಹಾಸಿಗೆ ಲೆಕ್ಕದಲ್ಲಿ ಹಣ ಕಟ್ಟುವವರಿಗೆ ತೂಕ ಇಳಿದರೂ ಬಿಲ್ ಇಳಿಯುವುದಿಲ್ಲ. ತೂಕದ ಲೆಕ್ಕದವರಿಗೆ ಮಾತ್ರ ಇಳಿಯುತ್ತದೆ. ಇಲ್ಲದ ಉಳಿತಾಯ ತೋರಿಸಿದರೆ ಅಕೌಂಟೆಂಟ್ ಮುಂದಿನ ಬಾರಿ ನಿಮ್ಮ ಯಾವ ಅಂಕಿಯನ್ನೂ ನಂಬುವುದಿಲ್ಲ.

ಮಲೆನಾಡಿನಲ್ಲಿ ಈ ಯೋಜನೆ ಕೈಕೊಡುವುದು ಒಣಗಿಸುವಲ್ಲಿ. ಜನವರಿಯಲ್ಲಿ ಬೆಳಿಗ್ಗೆ ಒಗೆದದ್ದು ಸಂಜೆಗೆ ಗರಿಗರಿ. ಜುಲೈನಲ್ಲಿ ತಂತಿಯ ಮೇಲೆ ಮೂರು ದಿನವಾದರೂ ಮುಗ್ಗಲು ವಾಸನೆ. ಅರೆ ಒಣಗಿದ ಬಟ್ಟೆಯನ್ನು ಡ್ರಮ್ಮಿಗೆ ತುರುಕಿ ಆಟೋಕ್ಲೇವ್ ಮಾಡಿದರೆ ಪ್ಯಾಕ್ ಒದ್ದೆಯಾಗಿಯೇ ಹೊರಬರುತ್ತದೆ, ಒದ್ದೆ ಪ್ಯಾಕ್ ಸ್ಟೆರೈಲ್ ಎಂದು ಲೆಕ್ಕಕ್ಕಿಲ್ಲ. ಆಗ ಓಟಿಯವರು ಸಿಟ್ಟಿಗೆದ್ದು ಡಿಸ್ಪೋಸಬಲ್ ಪ್ಯಾಕಿಗೇ ಮರಳುತ್ತಾರೆ, ಅವರದು ತಪ್ಪೂ ಅಲ್ಲ. ಬಯಲುಸೀಮೆಯ ಕಡೂರು, ಅರಸೀಕೆರೆಯಲ್ಲಿ ನಾಲ್ಕು ಸೆಟ್ ಲಿನನ್ (ಆಸ್ಪತ್ರೆಯ ಬಟ್ಟೆಬರೆ) ಸಾಕಾದರೆ ಕೊಪ್ಪ, ಸಕಲೇಶಪುರದಲ್ಲಿ ಐದಾರು ಬೇಕು, ಜೊತೆಗೆ ಡ್ರೈಯರ್. ಡ್ರೈಯರಿನ ಕರೆಂಟು, ಹೆಚ್ಚುವರಿ ಸೆಟ್ಟಿನ ಹಣ ಸೇರಿಸಿ ಲೆಕ್ಕ ಗಿಟ್ಟದಿದ್ದರೆ ಮಳೆಗಾಲದ ನಾಲ್ಕು ತಿಂಗಳು ದೊಡ್ಡ ಆಪರೇಶನ್‌ಗಳಿಗೆ ಮಾತ್ರ ಡಿಸ್ಪೋಸಬಲ್ ಇಟ್ಟುಕೊಳ್ಳಿ. ವರ್ಷವಿಡೀ ಒಂದೇ ನಿಯಮ ಇರಬೇಕೆಂದೇನಿಲ್ಲ.

ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆ, ಲೋಟ, ಬಿಸಿನೀರಿನ ತೊಟ್ಟಿ. ಕಾಗದದ ಕಪ್ಪಿನೊಳಗೂ ಪ್ಲಾಸ್ಟಿಕ್ ಪದರ ಇರುತ್ತದೆ. ಅಡಿಕೆ ಹಾಳೆಯ ತಟ್ಟೆ ನಮ್ಮ ಕಡೆಯದ್ದೇ ಆದರೂ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ, ರೋಗಿಗಳಿಗೆ ಬೇಡ. ರಾಗಿ, ಆಲೂಗಡ್ಡೆ, ಸೊಪ್ಪು ಜಿಲ್ಲೆಯೊಳಗಿನಿಂದಲೇ ಬರಲಿ.

ಯಂತ್ರಗಳು: ಕೊಳ್ಳುವ ಬೆಲೆ ಅರ್ಧ ಕಥೆ

ಫ್ಯಾನಿನಿಂದ ಶುರುಮಾಡಿ, ಲೆಕ್ಕ ಎಲ್ಲರಿಗೂ ಅರ್ಥವಾಗುತ್ತದೆ. ಹಳೆಯದು 75 ವಾಟ್, ಕಡಿಮೆ ಕರೆಂಟಿನ ಮೋಟಾರಿರುವ ಬಿಎಲ್‌ಡಿಸಿ ಫ್ಯಾನ್ ಸುಮಾರು 30. ವಾರ್ಡಿನಲ್ಲಿ ದಿನಕ್ಕೆ 18 ಗಂಟೆ, ವರ್ಷಕ್ಕೆ 300 ದಿನ ಓಡಿದರೆ ಉಳಿಯುವುದು 243 ಯೂನಿಟ್. ಹಾಸನದವರು ಸೆಸ್ಕ್ ಬಿಲ್, ಚಿಕ್ಕಮಗಳೂರಿನವರು ಮೆಸ್ಕಾಂ ಬಿಲ್ ತೆಗೆದು ತಮ್ಮ ದರದಿಂದ ಗುಣಿಸಲಿ. ಯೂನಿಟ್ಟಿಗೆ 8 ರೂಪಾಯಿ ಎಂದಿಟ್ಟುಕೊಂಡರೂ ಒಂದು ಫ್ಯಾನಿಗೆ ವರ್ಷಕ್ಕೆ 1,944. ಏಸಿ ಕೊಳ್ಳುವಾಗ ಸ್ಟಾರ್ ಜೊತೆಗೆ ಗ್ಯಾಸ್ ಯಾವುದೆಂದೂ ನೋಡಿ. ಸೋರಿದರೆ ಆರ್-410ಎ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 2,088 ಪಟ್ಟು, ಆರ್-32 ಸುಮಾರು 675 ಪಟ್ಟು ಬಿಸಿ ಮಾಡುತ್ತದೆ.

ಆಟೋಕ್ಲೇವ್ ಆರ್ಡರಿನಲ್ಲಿ ಎರಡು ಹೆಚ್ಚುವರಿ ಗ್ಯಾಸ್ಕೆಟ್, ಒಂದು ಹೀಟರ್ ಕಾಯಿಲ್ ಸೇರಿಸಿ. ಗಡಸು ಬೋರ್ ನೀರು ಹಾಕುವ ಕಡೆ ಕಾಯಿಲ್ ಮೇಲೆ ಸುಣ್ಣದ ಪದರ ಕಟ್ಟಿ ಕಾಯಲು ಹೊತ್ತು ಹಿಡಿಯುತ್ತದೆ, ಕರೆಂಟು ಹೆಚ್ಚು, ಕೊನೆಗೆ ಕಾಯಿಲ್ ಸುಡುತ್ತದೆ. ಖನಿಜ ತೆಗೆದ ನೀರೋ ಮಳೆಕೊಯ್ಲಿನ ಸೋಸಿದ ನೀರೋ ಉತ್ತಮ.

ಲ್ಯಾಬ್ ಯಂತ್ರವನ್ನು ‘ಫ್ರೀ’ ಕೊಡುತ್ತೇವೆ ಎಂದರೆ ಅದು ಕ್ಲೋಸ್ಡ್ ಸಿಸ್ಟಂ, ಅವರ ಕಿಟ್ ಬಿಟ್ಟು ಬೇರೆ ಓಡದು. ದಿನಕ್ಕೆ 8 ಟೆಸ್ಟ್ ಇರುವ ಕಡೆ 100 ಟೆಸ್ಟಿನ ಕಿಟ್ ಬಿಚ್ಚಿದರೆ, ಬಿಚ್ಚಿದ ಮೇಲಿನ ಆಯುಷ್ಯ 10 ದಿನವಾಗಿದ್ದರೆ, 20 ಟೆಸ್ಟ್ ಚರಂಡಿಗೆ. ಕಿಟ್ಟಿನ ಸೈಜ್, ಬಿಚ್ಚಿದ ಮೇಲಿನ ಬಾಳಿಕೆ ಎರಡನ್ನೂ ಕೊಟೇಶನ್ನಿನಲ್ಲೇ ಕೇಳಿ. ಎಎಂಸಿಯಲ್ಲಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಬಿಡಿಭಾಗ ಸೇರುವುದಿಲ್ಲ, ಸಿಎಂಸಿಯಲ್ಲಿ (ಸಮಗ್ರ ನಿರ್ವಹಣಾ ಒಪ್ಪಂದ) ಸೇರುತ್ತದೆ. ಇಂಜಿನಿಯರ್ ಬೆಂಗಳೂರಿಂದ ಬರಬೇಕಾದರೆ 48 ಗಂಟೆಯ ಗಡುವು, ತಡವಾದರೆ ದಂಡ, 7 ವರ್ಷ ಬಿಡಿಭಾಗ ಸಿಗುವ ಭರವಸೆ, ಹಳೆಯ ಯಂತ್ರ ವಾಪಸ್ ಒಯ್ಯುವ ಷರತ್ತು, ಎಲ್ಲವೂ ಬರಹದಲ್ಲಿರಲಿ.

ಓಟಿ ಗ್ಯಾಸ್ ಮತ್ತು ಇನ್ಹೇಲರ್

ಅರಿವಳಿಕೆಯ ಗ್ಯಾಸ್ ಡೆಸ್‌ಫ್ಲುರೇನ್ ನೂರು ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ 2,500ಕ್ಕೂ ಹೆಚ್ಚು ಪಟ್ಟು ತೀಕ್ಷ್ಣ, ಸೆವೊಫ್ಲುರೇನ್ ಅದರ ಮುಂದೆ ಏನೇನೂ ಅಲ್ಲ. ಅನಸ್ತೀಶಿಯಾ ಡಾಕ್ಟರು ಒಪ್ಪಿದರೆ ಪಟ್ಟಿಯಿಂದ ತೆಗೆಯಿರಿ. ಪಫ್ ಇನ್ಹೇಲರಿನ ತಳ್ಳುವ ಗ್ಯಾಸೂ ಸಾವಿರ ಪಟ್ಟು ಮೀರುತ್ತದೆ, ಪುಡಿಯ ರೋಟಾಕ್ಯಾಪಿನಲ್ಲಿ ಆ ಗ್ಯಾಸ್ ಇಲ್ಲ. ಆದರೆ ಚಿಕ್ಕ ಮಕ್ಕಳಿಗೆ, ಉಸಿರು ಎಳೆಯಲಾಗದಷ್ಟು ಉಬ್ಬಸ ಬಂದವರಿಗೆ ಪಫ್ ಮತ್ತು ಸ್ಪೇಸರ್ ಬೇಕೇ ಬೇಕು. ಇದು ಡಾಕ್ಟರ ತೀರ್ಮಾನ, ಸ್ಟೋರಿನದ್ದಲ್ಲ.

ಸರ್ಕಾರಿ ಆಸ್ಪತ್ರೆಗಳಿಗೆ

ಔಷಧದ ಬಹುಪಾಲು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದಿಂದ ಬರುತ್ತದೆ. ಅಲ್ಲಿ ನಿಮ್ಮ ಕೈಲಿರುವುದು ಇಂಡೆಂಟಿನ ಪ್ರಮಾಣ ಮಾತ್ರ. ಕಳೆದ ವರ್ಷದ ಅಂಕಿಗೆ ಕಣ್ಣುಮುಚ್ಚಿ ಶೇ 10 ಸೇರಿಸಿ ಕಳಿಸುವ ಬದಲು ನಿಜವಾದ ಬಳಕೆ ಕಳಿಸಿ, ಹೆಚ್ಚಾದದ್ದನ್ನು ಎಕ್ಸ್‌ಪೈರಿಗೆ ಆರು ತಿಂಗಳಿರುವಾಗಲೇ ಪಕ್ಕದ ತಾಲ್ಲೂಕಿಗೆ ವರ್ಗಾಯಿಸಿ. ಆರೋಗ್ಯ ರಕ್ಷಾ ಸಮಿತಿ ಹಣದ ಸ್ಥಳೀಯ ಖರೀದಿ ಮತ್ತು ಜೆಮ್ (ಸರ್ಕಾರಿ ಆನ್‌ಲೈನ್ ಮಾರುಕಟ್ಟೆ) ಪೋರ್ಟಲಿನ ಖರೀದಿಯಲ್ಲಿ ಸ್ಪೆಸಿಫಿಕೇಶನ್ ಬರೆಯುವವರು ನೀವೇ. 1999ರ ಕೆಟಿಪಿಪಿ ಕಾಯ್ದೆಯಡಿ (ರಾಜ್ಯದ ಸರ್ಕಾರಿ ಖರೀದಿಯ ಪಾರದರ್ಶಕತೆ ಕಾಯ್ದೆ) ಟೆಂಡರ್ ತೆರೆದ ಮೇಲೆ ಹೊಸ ಷರತ್ತು ಹಾಕಲು ಬರುವುದಿಲ್ಲ, ಕೆಲಸ ಎಲ್-1ಗೇ, ಅಂದರೆ ಅತಿ ಕಡಿಮೆ ದರದವರಿಗೇ ಹೋಗುತ್ತದೆ. ಕ್ಲೋರಿನ್ ರಹಿತ, ಬ್ಯಾಟರಿ ಬದಲಿಸಬಹುದಾದ, ಇಷ್ಟು ವಾಟ್ ಮೀರದ ಎಂಬಂಥ ಮಾತುಗಳು ತಾಂತ್ರಿಕ ಬಿಡ್‌ನಲ್ಲೇ ಇರಬೇಕು. ಬ್ರ್ಯಾಂಡ್ ಹೆಸರು ಬರೆದರೆ ತಕರಾರು ಬಂತೆಂದೇ ತಿಳಿಯಿರಿ, ಗುಣ ಬರೆಯಿರಿ.

ಖಾಸಗಿಯವರಿಗೆ ಬೇರೆ ದಾರಿ ಇದೆ. ನಾಲ್ಕೈದು ನರ್ಸಿಂಗ್ ಹೋಂ ಸೇರಿ ಚೀಲ, ಗ್ಲೌಸ್, ಲಿನನ್ ಮೂರಕ್ಕೆ ಮಾತ್ರ ಒಟ್ಟಿಗೆ ದರ ಕೇಳಿ. ಔಷಧಕ್ಕೆ ಕೈಹಾಕಿದರೆ ಪ್ರತಿ ಡಾಕ್ಟರ ಬ್ರ್ಯಾಂಡ್ ಬೇರೆಯಾಗಿ ಮಾತು ಅಲ್ಲೇ ಮುರಿಯುತ್ತದೆ.

ಬದಲಿಸುವ ಮುನ್ನ ಒಂದು ವಾರ್ಡು, ಒಂದು ತಿಂಗಳು

ಯಾವ ಹೊಸ ಮಾಲೂ ಒಮ್ಮೆಗೇ ಇಡೀ ಆಸ್ಪತ್ರೆಗೆ ಬೇಡ. ಒಂದು ವಾರ್ಡಿಗೆ ಕೊಟ್ಟು, ಹರಿದದ್ದು, ಸೋರಿದ್ದು, ವಾಪಸ್ ಬಂದದ್ದು ಎಷ್ಟು ಎಂದು ರಾತ್ರಿ ಪಾಳಿಯವರಿಂದಲೂ ಬರೆಸಿ. ದೂರು ಇದ್ದರೆ ಬ್ಯಾಚ್ ನಂಬರ್ ಸಮೇತ. ಮಾದರಿಗೆ ಕೊಟ್ಟ ಮಾಲು ಒಂದು, ಆರ್ಡರಿಗೆ ಬಂದದ್ದು ಇನ್ನೊಂದು ಆಗುವುದು ಸಾಮಾನ್ಯ. ಆದ್ದರಿಂದ ಒಪ್ಪಿದ ಮಾದರಿಯನ್ನು ಸೀಲ್ ಮಾಡಿ ಸ್ಟೋರಿನಲ್ಲಿಡಿ, ಪ್ರತಿ ಡೆಲಿವರಿಯ ಹತ್ತು ಪೀಸನ್ನು ಅದರ ಪಕ್ಕ ಇಟ್ಟು ನೋಡಿ.

ಆಮೇಲೆ ಮೂರು ತಿಂಗಳಿಗೊಮ್ಮೆ ಮೂರೇ ಅಂಕಿ ಸಾಕು: ಒಂದು ಹಾಸಿಗೆ-ದಿನಕ್ಕೆ (ಒಂದು ಹಾಸಿಗೆಯಲ್ಲಿ ರೋಗಿ ಇದ್ದ ಒಂದು ದಿನ) ಎಷ್ಟು ಗ್ರಾಂ ಹಳದಿ ಮತ್ತು ಕೆಂಪು ಕಸ, ಎಷ್ಟು ರೂಪಾಯಿಯ ಮಾಲು ಎಕ್ಸ್‌ಪೈರಿ ಆಯಿತು, ರೋಗಿಯೊಬ್ಬರಿಗೆ ಎಷ್ಟು ಗ್ಲೌಸ್.

ವರ್ಷದ ಕ್ಯಾಲೆಂಡರ್

ಏಪ್ರಿಲ್‌ನಲ್ಲಿ ದರ ಒಪ್ಪಂದ. ಮೇ 15ರೊಳಗೆ ಮಳೆಗಾಲದ ಸ್ಟಾಕ್, ಚಾವಣಿ ಸೋರುವಿಕೆ ರಿಪೇರಿ. ಜೂನ್‌ನಿಂದ ಸೆಪ್ಟೆಂಬರ್ ತೇವದ ಕಾವಲು, ಡೆಂಗಿಗೆ ಐವಿ ಫ್ಲೂಯಿಡ್. ನವೆಂಬರ್ ಕೊನೆಗೆ ಕೊಪ್ಪ, ಎನ್.ಆರ್. ಪುರ, ಶೃಂಗೇರಿ ಕಡೆಯವರು ಮಂಗನ ಕಾಯಿಲೆಯ ದಿನಗಳಿಗೆ ತಯಾರಿ, ಕಾಡಂಚಿನ ಊರುಗಳಿಗೆ ಹಂಚಲು ಉಣ್ಣೆ ಹತ್ತದಂತೆ ಮೈಗೆ ಹಚ್ಚುವ ಡೆಪಾ ತೈಲ ಆರೋಗ್ಯ ಇಲಾಖೆಯಿಂದ ಬಂದಿದೆಯೇ ಎಂದು ವಿಚಾರಿಸುವುದೂ ಆಗಲೇ.

ಮಾರ್ಚ್ ಬಗ್ಗೆ ಪ್ರತ್ಯೇಕ ಮಾತು. ಗ್ರಾಂಟ್ ವಾಪಸ್ ಹೋದೀತೆಂದು ಮಾರ್ಚ್ ಕೊನೆಯ ವಾರ ಆ್ಯಂಟಿಬಯೋಟಿಕ್, ಕಿಟ್, ಹೈಪೋ ಕ್ಯಾನ್ ತರಿಸಿ ತುಂಬುವ ಪದ್ಧತಿಯೇ ಮುಂದಿನ ವರ್ಷದ ಎಕ್ಸ್‌ಪೈರಿ ಕಪಾಟಿನ ಮೂಲ. ಹಣ ಖರ್ಚಾಗಲೇಬೇಕು ಎಂದಿದ್ದರೆ ಅವಧಿ ಮೀರದ ಸಾಮಾನುಗಳ ಪಟ್ಟಿಯೊಂದನ್ನು ಜನವರಿಯಲ್ಲೇ ಮಾಡಿ, ಸ್ಪೆಸಿಫಿಕೇಶನ್ ಸಮೇತ ಫೈಲಿನಲ್ಲಿ ಸಿದ್ಧವಾಗಿಡಿ: ಲಿನನ್ ಸೆಟ್, ಸ್ಟೀಲ್ ಟ್ರೇ, ಬಿಎಲ್‌ಡಿಸಿ ಫ್ಯಾನ್, ಪ್ಯಾಲೆಟ್, ಹೈಗ್ರೋಮೀಟರ್, ಆಟೋಕ್ಲೇವ್ ಗ್ಯಾಸ್ಕೆಟ್.